ಆರೈಕೆಯ ಅಳತೆ

(ಹೊನ್ನಾವರದಲ್ಲಿ ದಯಪಾಲಿಸಿದ ಪ್ರವಚನ)



ಇಂದಿನ ಚಿಂತನೆಗೆ ನಾವು ಆರಿಸಿಕೊಂಡ ವಿಷಯ ಗ್ರಂಥಗಳೊಳಗೆ ಅಡಗಿರುವ ಗಹನವಾದ ಪ್ರಮೇಯವೇನೂ ಅಲ್ಲ. ಅದು ನಿಮ್ಮ ಮನೆಗಳ ಒಳಕೋಣೆಯಲ್ಲಿರುವ ವಿಷಯ; ನೆಂಟರು ಬಂದಾಗ ಬಾಗಿಲು ಮುಂದೆ ಮಾಡಿ ಮರೆಮಾಡುವ ವಿಷಯ. ಅಂಗವೈಕಲ್ಯವುಳ್ಳ ಒಬ್ಬ ಮಗನೋ, ಒಬ್ಬ ಮಗಳೋ, ಒಬ್ಬ ಅಣ್ಣನೋ ಮನೆಯಲ್ಲಿದ್ದಾಗ ಅವರಿಗೆ ಏನು ಬೇಕು ಎಂಬುದನ್ನು ಅರಿಯುವುದು ಹೇಗೆ? ಅವರಿಗೆ ಒದಗಬಹುದಾದ ಅಪಾಯಗಳನ್ನು ತಡೆಯುವುದು ಹೇಗೆ? ತಡೆಯುವ ಭರದಲ್ಲಿ ಅವರ ಬಾಳನ್ನೇ ಕಟ್ಟಿಹಾಕದೆ ಇರುವುದು ಹೇಗೆ? ಈ ಮೂರು ಪ್ರಶ್ನೆಗಳನ್ನು ಕುರಿತು ವಿಚಾರ ಮಾಡೋಣ.

ಇದನ್ನು ಹೊನ್ನಾವರದಲ್ಲಿಯೇ ಏಕೆ ಹೇಳಬೇಕು ಎಂದು ನೀವು ಕೇಳಬಹುದು. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ, ನಡುವೆ ಶರಾವತಿ. ಇಲ್ಲಿಯ ಜನರ ಅನ್ನ ಮರದ ತುದಿಯಲ್ಲಿದೆ, ಇಲ್ಲವೆ ಕಡಲ ನಡುವೆ ಇದೆ. ಅಡಿಕೆಯ ಕೊನೆ ಕೊಯ್ಯುವವನು, ಕೊಳೆರೋಗಕ್ಕೆ ಮದ್ದು ಹೊಡೆಯುವವನು ಮಳೆಯಲ್ಲಿ ನೆನೆದು ಜಾರುವ ಮರವನ್ನು ಏರಬೇಕು. ತೆಂಗು ಇಳಿಸುವವನದೂ ಅದೇ ಪಾಡು. ಒಂದು ಕ್ಷಣ ಕಾಲು ತಪ್ಪಿದರೆ ಸಾಕು, ಬೆನ್ನುಹುರಿ ಘಾಸಿಗೊಂಡು ಸೊಂಟದ ಕೆಳಗಿನ ಸ್ವಾಧೀನವೇ ಹೋಗುತ್ತದೆ. ಬೆಳಗ್ಗೆ ಮನೆಯನ್ನು ಹೊತ್ತು ನಡೆಸುತ್ತಿದ್ದವನನ್ನು ಸಂಜೆಯ ಹೊತ್ತಿಗೆ ಮನೆಯವರು ಹೊರಬೇಕಾಗುತ್ತದೆ.

ಇನ್ನೊಂದು ಬಗೆಯ ಮನೆಗಳೂ ಈ ಸೀಮೆಯಲ್ಲಿವೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ವರ್ಷಗಟ್ಟಲೆ ಸಿಂಪಡಿಸಿದ ಸಂಗತಿ ನಿಮಗೆಲ್ಲ ತಿಳಿದದ್ದೇ. ಕಾಸರಗೋಡಿನಲ್ಲಿ, ದಕ್ಷಿಣ ಕನ್ನಡದಲ್ಲಿ, ಉಡುಪಿಯಲ್ಲಿ, ನಮ್ಮ ಉತ್ತರ ಕನ್ನಡದಲ್ಲಿ ಅದರ ಕಥೆಯಿದೆ. 2011ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆಯನ್ನೂ ಮಾರಾಟವನ್ನೂ ದೇಶದಾದ್ಯಂತ ತಡೆಯಿತು. ವಿಷ ನಿಂತಿತು, ಆದರೆ ಸರ್ಕಾರವೇ ಎಂಡೋಸಲ್ಫಾನ್ ಪೀಡಿತರೆಂದು ಗುರುತಿಸಿದ ಮಕ್ಕಳ ಮನೆಗಳಲ್ಲಿ ಅದರ ಫಲವನ್ನು ತಾಯಂದಿರು ಇಂದಿಗೂ ಉಣ್ಣುತ್ತಿದ್ದಾರೆ.

ಇಂಥ ಮನೆಗೆ ಹೋದ ಬಂಧುಗಳು ಏನು ಹೇಳಿ ಬರುತ್ತಾರೆ? ‘ಏನು ಮಾಡುವುದಮ್ಮ, ಪೂರ್ವಜನ್ಮದ ಕರ್ಮ’ ಎಂದು ಹೇಳಿ, ಚಹ ಕುಡಿದು ಎದ್ದು ಬರುತ್ತಾರೆ. ಬಂಧುಗಳೇ, ಈ ಮಾತನ್ನು ಇಂದಿನಿಂದ ಬಿಟ್ಟುಬಿಡಿ. ಕರ್ಮದ ವಿಚಾರವಿರುವುದು ಮನುಷ್ಯನು ತನ್ನ ನಡತೆಯನ್ನು ತಾನು ತಿದ್ದಿಕೊಳ್ಳುವುದಕ್ಕಾಗಿ. ಅದು ಕನ್ನಡಿ ಇದ್ದ ಹಾಗೆ. ಆ ಕನ್ನಡಿಯನ್ನು ನೆರೆಮನೆಯವರ ತಲೆಯ ಮೇಲೆ ಹೊಡೆಯುವ ಅಧಿಕಾರವನ್ನು ಯಾವ ಶಾಸ್ತ್ರವೂ ನಮಗೆ ಕೊಟ್ಟಿಲ್ಲ. ಆಕಾಶದಿಂದ ವಿಷ ಸುರಿದವರು ಮನುಷ್ಯರು. ಮರ ಜಾರಿದ್ದು ಮಳೆಯಿಂದ. ಇದರಲ್ಲಿ ಮಗುವಿನ ಪಾಪವೆಲ್ಲಿ ಬಂತು? ನೊಂದ ತಾಯಿಗೆ ಈ ಮಾತಿನಿಂದ ಒಂದು ಲೋಟ ನೀರಿನಷ್ಟೂ ಉಪಕಾರವಿಲ್ಲ. ಅವಳಿಗೆ ಅಪಕಾರ ಮಾತ್ರ ಉಂಟು. ಏಕೆಂದರೆ ಅಂದಿನಿಂದ ಅವಳು ಮಗುವನ್ನು ಹೊರಗೆ ತರಲು ನಾಚುತ್ತಾಳೆ.

ಇನ್ನು ಶಬ್ದದ ವಿಚಾರ. ಹಿಂದೆ ಕುಂಟ, ಹೆಳವ ಎನ್ನುತ್ತಿದ್ದರು. ಆಮೇಲೆ ಅಂಗವಿಕಲ ಎಂದರು. ಈಗ ಸರ್ಕಾರದ ಕಾಗದಗಳಲ್ಲಿ ವಿಕಲಚೇತನ ಎಂದು ಬರೆಯುತ್ತಾರೆ, ಕೆಲವರು ವಿಶೇಷಚೇತನ ಎನ್ನುತ್ತಾರೆ. ಗೌರವ ಕೊಡಬೇಕೆಂಬ ಸದುದ್ದೇಶದಿಂದಲೇ ಈ ಮಾತುಗಳು ಹುಟ್ಟಿವೆ. ಆದರೆ ಸಂಸ್ಕೃತ ಬಲ್ಲವನು ‘ವಿಕಲಚೇತನ’ ಎಂಬಲ್ಲಿ ಸ್ವಲ್ಪ ತಡೆದು ನಿಲ್ಲಬೇಕಾಗುತ್ತದೆ. ವಿಕಲ ಎಂದರೆ ಕಲೆ ತಪ್ಪಿದ್ದು, ಒಂದಂಶ ಕೊರೆಯಾದದ್ದು. ಅಂಗದಲ್ಲಿ ಅಂಶ ಕೊರೆಯಾಗಬಹುದು, ಚೇತನದಲ್ಲಿ ಕೊರೆಯಾಗುವುದುಂಟೆ? ದೀಪದ ಗಾಜು ಒಡೆದರೆ ಬೆಳಕು ಒಡೆಯಿತು ಎನ್ನುತ್ತೇವೆಯೆ? ಶಬ್ದವನ್ನು ಬದಲಿಸುವ ಅಧಿಕಾರ ನಮ್ಮದಲ್ಲ, ಅದು ಬಳಕೆಗೆ ಬಂದಿದೆ, ಬಳಸೋಣ. ಆದರೆ ಬಳಸುವಾಗ ಒಂದನ್ನು ನೆನಪಿನಲ್ಲಿಡೋಣ: ಒಳಗಿರುವವನು ಪೂರ್ಣನಾಗಿದ್ದಾನೆ. ಅವನಿಗೆ ಇಷ್ಟವಿದೆ, ಸಿಟ್ಟಿದೆ, ನಾಚಿಕೆಯಿದೆ, ಆಸೆಯಿದೆ. ಅವನ ಪರವಾಗಿ ನಾವು ಮಾತನಾಡುವುದಕ್ಕಿಂತ ಮೊದಲು ಅವನು ಮಾತನಾಡಬೇಕು.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಒಬ್ಬರಿಗೆ ಏನು ಬೇಕು ಎಂಬುದನ್ನು ಅಳೆಯುವುದು ಹೇಗೆ?

ಸರ್ಕಾರಕ್ಕೆ ಒಂದು ಅಳತೆಯಿದೆ. ಅದು ಶೇಕಡಾವಾರು. 1995ರ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಹೇಳಿತ್ತು. ಅದರ ಬದಲಿಗೆ ಬಂದ 2016ರ ಅಂಗವೈಕಲ್ಯವುಳ್ಳ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 21 ಬಗೆಗಳನ್ನು ಹೇಳುತ್ತದೆ. ವೈದ್ಯರು ಪರೀಕ್ಷಿಸಿ ನೂರಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಬರೆದುಕೊಟ್ಟರೆ ಹಲವು ಸೌಲಭ್ಯಗಳ ಬಾಗಿಲು ತೆರೆಯುತ್ತದೆ. 2011ರ ಜನಗಣತಿಯ ಪ್ರಕಾರ ನಮ್ಮ ನಾಡಿನಲ್ಲಿ ಇಂಥವರು 13 ಲಕ್ಷಕ್ಕೂ ಮೇಲೆ ಇದ್ದರು, ದೇಶದಲ್ಲಿ 2 ಕೋಟಿ 68 ಲಕ್ಷ. ಇಷ್ಟು ಜನರಿಗೆ ಸೌಲಭ್ಯ ಹಂಚುವ ಸರ್ಕಾರಕ್ಕೆ ಒಂದು ಸಂಖ್ಯೆ ಬೇಕೇ ಬೇಕು. ಆದ್ದರಿಂದ ಪ್ರಮಾಣಪತ್ರ ಮಾಡಿಸದೆ ಇರುವವರು ಮೊದಲು ಅದನ್ನು ಮಾಡಿಸಿ, ವಿಶಿಷ್ಟ ಗುರುತಿನ ಚೀಟಿಯನ್ನು ಪಡೆಯಿರಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಎಂದು ಇದಕ್ಕಾಗಿಯೇ ಇದ್ದಾರೆ. ಅವರನ್ನು ಕೇಳಲು ಸಂಕೋಚ ಬೇಡ.

ಆದರೆ ಆ ಸಂಖ್ಯೆ ಮನೆಯವರಿಗೆ ಏನು ಹೇಳುತ್ತದೆ? ಇಬ್ಬರಿಗೆ ನೂರಕ್ಕೆ 80 ಎಂದು ಬರೆದಿದೆ ಎಂದುಕೊಳ್ಳಿ. ಒಬ್ಬನ ಮನೆ ಪೇಟೆಯ ರಸ್ತೆಯ ಬದಿಗೆ, ಸಮನೆಲದಲ್ಲಿದೆ. ಬಚ್ಚಲು ಒಳಗೇ ಇದೆ. ಹೆಂಡತಿ, ತಮ್ಮ ಇಬ್ಬರೂ ಇದ್ದಾರೆ. ಇನ್ನೊಬ್ಬನ ಮನೆ ಗುಡ್ಡದ ಓರೆಯಲ್ಲಿ, ರಸ್ತೆಗೆ ಬರಲು ನಲವತ್ತು ಮೆಟ್ಟಿಲು; ಶೌಚಾಲಯ ಹಿತ್ತಲಿನಲ್ಲಿ; ನೋಡಿಕೊಳ್ಳುವವಳು ಎಪ್ಪತ್ತು ವರ್ಷದ ತಾಯಿ ಒಬ್ಬಳೇ. ಕಾಗದದಲ್ಲಿ ಇಬ್ಬರೂ ಒಂದೇ, ಬಾಳಿನಲ್ಲಿ ಅಜಗಜಾಂತರ. ಕೊರತೆಯ ಅಳತೆ ಬೇರೆ, ಅಗತ್ಯದ ಅಳತೆ ಬೇರೆ. ಕಾನೂನು ಮಾಡಿದವರಿಗೂ ಇದು ತಿಳಿದಿದೆ. ಹೆಚ್ಚಿನ ಬೆಂಬಲ ಬೇಕಾದವರು ಅರ್ಜಿ ಸಲ್ಲಿಸಬಹುದು, ಮೌಲ್ಯಮಾಪನ ಮಂಡಳಿಯೊಂದು ಅವರ ಅಗತ್ಯವನ್ನು ಪರಿಶೀಲಿಸಬೇಕು ಎಂದು ಆ ಅಧಿನಿಯಮದ 38ನೆಯ ಕಲಮಿನಲ್ಲಿ ಹೇಳಿದೆ. ಆದರೆ ಮಂಡಳಿಯು ನೋಡುವುದು ಒಂದು ದಿನ. ನಿತ್ಯ ನೋಡುವವರು ನೀವು.

ಈ ಸಂದರ್ಭದಲ್ಲಿ ನಮ್ಮ ಹಿರಿಯರ ಒಂದು ವಿಚಾರವನ್ನು ನೆನೆಯಬೇಕು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳು ಎಂದಿದೆ. ವೈದ್ಯ, ಔಷಧ, ಪರಿಚಾರಕ, ರೋಗಿ ಇವೇ ಆ ನಾಲ್ಕು. ಒಂದೊಂದಕ್ಕೂ ನಾಲ್ಕು ಗುಣಗಳು. ಅಂಗವೈಕಲ್ಯ ರೋಗವಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇವೆ. ಆದರೂ ಆರೈಕೆಯ ಮಟ್ಟಿಗೆ ಈ ವಿಚಾರ ಇಲ್ಲಿಗೂ ಸಲ್ಲುತ್ತದೆ. ಪರಿಚಾರಕನನ್ನು, ಎಂದರೆ ನೋಡಿಕೊಳ್ಳುವವನನ್ನು, ಚರಕಾಚಾರ್ಯರು ವೈದ್ಯನ ಸಾಲಿನಲ್ಲಿಯೇ ಕೂರಿಸಿದ್ದಾರೆ, ಆಳಿನ ಸಾಲಿನಲ್ಲಿ ಅಲ್ಲ. ಅವನಲ್ಲಿ ಇರಬೇಕಾದ ಗುಣಗಳು ಯಾವುವು? ಉಪಚಾರದ ಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ. ನಮ್ಮ ಮನೆಗಳಲ್ಲಿ ಅನುರಾಗಕ್ಕೆ ಕೊರತೆಯಿಲ್ಲ. ತಾಯಂದಿರಲ್ಲಿ ಅದು ಕಡಲಿನಷ್ಟಿದೆ. ಶುಚಿತ್ವವೂ ಇದೆ. ಆದರೆ ಜ್ಞಾನ ಬೇಕು, ದಕ್ಷತೆ ಬೇಕು. ಪ್ರೀತಿಯೊಂದರಿಂದಲೇ ಬೆನ್ನಿನ ಹುಣ್ಣು ವಾಸಿಯಾಗುವುದಿಲ್ಲ.

ರೋಗಿಯ ಪಾದದಲ್ಲಿಯೂ ಎರಡು ಗುಣಗಳನ್ನು ಗಮನಿಸಿ. ಒಂದು ಜ್ಞಾಪಕತ್ವ, ಎಂದರೆ ತನಗೆ ಏನಾಗುತ್ತಿದೆ ಎಂಬುದನ್ನು ತಾನೇ ತಿಳಿಸುವುದು. ಇನ್ನೊಂದು ಅಭೀರುತ್ವ, ಎಂದರೆ ಅಂಜದೆ ಇರುವುದು. ಮಲಗಿದವನೂ ನಾಲ್ಕರಲ್ಲಿ ಒಂದು ಪಾದ. ಅವನನ್ನು ಕೇಳದೆ ಮಾಡಿದ ಆರೈಕೆ ಮೂರು ಕಾಲಿನ ಮಂಚದ ಹಾಗೆ; ಯಾವಾಗ ಮಗುಚುವುದೋ ಹೇಳಲಾಗದು.

ಹಾಗಾದರೆ ಅಳೆಯುವ ಬಗೆ ಹೇಗೆ? ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಅವರ ಒಂದು ಪೂರ್ಣ ದಿನವನ್ನು, ಎದ್ದಾಗಿನಿಂದ ಮರುದಿನ ಏಳುವ ತನಕ, ರಾತ್ರಿಯನ್ನೂ ಸೇರಿಸಿ ಬರೆಯಿರಿ. ಹಾಸಿಗೆಯಿಂದ ಏಳುವುದು, ಮೂತ್ರ, ಶೌಚ, ಸ್ನಾನ, ಬಟ್ಟೆ, ಊಟ, ಹೊರಳುವುದು, ಮಾತು, ಹೊರಗೆ ಹೋಗುವುದು, ನಿದ್ರೆ. ಒಂದೊಂದರ ಮುಂದೆಯೂ ಮೂರರಲ್ಲಿ ಒಂದನ್ನು ಬರೆಯಿರಿ: ತಾನೇ ಮಾಡಿಕೊಳ್ಳುತ್ತಾರೆ, ಸ್ವಲ್ಪ ಕೈಕೊಟ್ಟರೆ ಮಾಡಿಕೊಳ್ಳುತ್ತಾರೆ, ಪೂರ್ತಿ ನಾವೇ ಮಾಡಬೇಕು. ಆಮೇಲೆ ಇನ್ನೆರಡು ಪ್ರಶ್ನೆ ಕೇಳಿ. ಇದನ್ನು ಮಾಡುವವರು ಯಾರು? ಅವರಿಗೆ ಜ್ವರ ಬಂದರೆ ಯಾರು? ಎರಡನೆಯ ಹೆಸರಿನ ಜಾಗ ಖಾಲಿಯಿದ್ದರೆ ಅದೇ ಆ ಮನೆಯ ಎಲ್ಲಕ್ಕಿಂತ ದೊಡ್ಡ ಅಪಾಯವೆಂದು ತಿಳಿಯಿರಿ. ಕೊನೆಯಲ್ಲಿ ಆ ಪುಸ್ತಕವನ್ನು ಅವರಿಗೇ ಓದಿ ಹೇಳಿ. ‘ಇದರಲ್ಲಿ ಯಾವುದು ತಪ್ಪು? ಯಾವುದನ್ನು ನೀನೇ ಮಾಡಬೇಕೆಂದು ನಿನಗೆ ಆಸೆ?’ ಎಂದು ಕೇಳಿ. ಮಾತು ಬಾರದ ಮಗುವಾದರೆ ಅದರ ಕಣ್ಣು, ಮುಖ, ಕೂಗು ಇವುಗಳ ಅರ್ಥವನ್ನು ಬರೆದಿಡಿ. ತಾಯಿಯೊಬ್ಬಳಿಗೇ ಗೊತ್ತಿರುವ ಆ ಭಾಷೆ ಅವಳು ಇಲ್ಲದಾಗ ಬೇರೆಯವರಿಗೂ ತಿಳಿಯಬೇಕಲ್ಲವೆ? ಆರು ತಿಂಗಳಿಗೊಮ್ಮೆ ಇದನ್ನು ಮತ್ತೆ ಬರೆಯಿರಿ; ಮಗು ಬೆಳೆಯುತ್ತದೆ, ತಾಯಿಗೆ ವಯಸ್ಸಾಗುತ್ತದೆ, ಅಗತ್ಯ ಬದಲಾಗುತ್ತದೆ.

ಈ ಅಳತೆಯಿಲ್ಲದೆ ಮಾಡಿದ ದಾನವೂ ವ್ಯರ್ಥವಾಗುತ್ತದೆ. ಗಾಲಿಕುರ್ಚಿಯ ದಾನ ಈಗ ಬಹಳ ನಡೆಯುತ್ತಿದೆ. ವೇದಿಕೆಯಿರುತ್ತದೆ, ಹಾರವಿರುತ್ತದೆ, ಛಾಯಾಚಿತ್ರವಿರುತ್ತದೆ. ಆದರೆ ಆಸ್ಪತ್ರೆಯ ಮಾದರಿಯ ಒಂದೇ ಅಳತೆಯ ಕುರ್ಚಿಯನ್ನು ಹತ್ತು ವರ್ಷದ ಹುಡುಗಿಗೂ ಐವತ್ತು ವರ್ಷದ ಗಂಡಸಿಗೂ ಕೊಟ್ಟರೆ ಏನಾಗುತ್ತದೆ? ಹುಡುಗಿಯ ಬೆನ್ನು ಒಂದು ಕಡೆಗೆ ವಾಲಿ ಇನ್ನಷ್ಟು ಸೊಟ್ಟಗಾಗುತ್ತದೆ. ಮೆತ್ತೆಯಿಲ್ಲದ ಕುರ್ಚಿಯಲ್ಲಿ ಕುಳಿತವನಿಗೆ ಹುಣ್ಣಾಗುತ್ತದೆ. ಬಾಗಿಲಿನಲ್ಲಿ ಹಿಡಿಸದ ಕುರ್ಚಿ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಕುರ್ಚಿಯನ್ನು ಕೂರುವವನ ಮೈಗೂ ಅವನ ಮನೆಯ ನೆಲಕ್ಕೂ ಹೊಂದಿಸಿ ಕೊಡಬೇಕು, ಬಳಸುವುದನ್ನು ಕಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿಯೇ ತಿಳಿಸಿದೆ. ದಾಸೋಹವೆಂದರೆ ನಮಗೆ ಕೊಡಲು ಇಷ್ಟವಾದದ್ದನ್ನು ಕೊಡುವುದಲ್ಲ, ಎದುರಿಗಿರುವವರ ಹಸಿವನ್ನು ಅರಿತು ಬಡಿಸುವುದು.

ಇನ್ನು ಎರಡನೆಯ ಪ್ರಶ್ನೆ, ಅಪಾಯದ ವಿಚಾರ. ಅಪಾಯಗಳನ್ನು ಮೂರು ಗುಂಪಾಗಿ ನೋಡೋಣ: ಮೈಯೊಳಗಿನವು, ಮನೆಯೊಳಗಿನವು, ಮನುಷ್ಯರಿಂದ ಬರುವವು.

ಮೈಯೊಳಗಿನ ಅಪಾಯದಲ್ಲಿ ಮೊದಲನೆಯದು ಒತ್ತಡದ ಹುಣ್ಣು. ಸ್ಪರ್ಶಜ್ಞಾನ ಹೋದ ಭಾಗದಲ್ಲಿ ನೋವು ತಿಳಿಯುವುದಿಲ್ಲ. ನಾವು ಕುಳಿತಲ್ಲೇ ಹತ್ತು ಸಲ ಹೊರಳುತ್ತೇವೆ, ಅವರು ಹೊರಳುವುದಿಲ್ಲ. ಎಲುಬು ಒತ್ತಿದಲ್ಲಿ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಆದ್ದರಿಂದ ಮಲಗಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕುಳಿತವರು ಕಾಲು ಗಂಟೆ ಅರ್ಧ ಗಂಟೆಗೊಮ್ಮೆ ಕೈಯೂರಿ ಮೈಯನ್ನು ಮೇಲೆತ್ತಬೇಕು, ಇಲ್ಲವೆ ಮುಂದಕ್ಕೆ ಬಾಗಬೇಕು. ದಿನವೂ ಬೆನ್ನಿನ ತುದಿ, ಪೃಷ್ಠ, ಸೊಂಟದ ಬದಿ, ಹಿಮ್ಮಡಿ ಇವುಗಳನ್ನು ನೋಡಬೇಕು. ಕೆಂಪಾಗಿಯೋ ಕಪ್ಪಾಗಿಯೋ ಬಿಸಿಯಾಗಿಯೋ ಕಂಡ ಜಾಗ ಸ್ವಲ್ಪ ಹೊತ್ತಿನಲ್ಲಿ ಮೊದಲಿನಂತಾಗದಿದ್ದರೆ ಅದರ ಮೇಲೆ ಭಾರ ಬೀಳಗೊಡಬಾರದು. ಆ ಜಾಗವನ್ನು ಎಣ್ಣೆ ಹಾಕಿ ತಿಕ್ಕಬಾರದು. ಉಂಗುರದ ಆಕಾರದ ಸಿಂಬೆಯ ಮೇಲೆ ಕೂರಿಸಬಾರದು. ಅದು ಸುತ್ತಲಿನ ರಕ್ತವನ್ನು ಇನ್ನಷ್ಟು ತಡೆಯುತ್ತದೆ. ಈ ಕರಾವಳಿಯ ಸೆಕೆಯಲ್ಲಿ, ಮಳೆಗಾಲದ ತೇವದಲ್ಲಿ ಬಟ್ಟೆಯೂ ಚರ್ಮವೂ ಒಣಗಿರುವಂತೆ ನೋಡಿಕೊಳ್ಳಬೇಕು.

ಎರಡನೆಯದು ಸುಡುವುದು. ಸ್ಪರ್ಶವಿಲ್ಲದ ಕಾಲಿಗೆ ಹಂಡೆಯ ನೀರು ಕುದಿಯುತ್ತಿದ್ದರೂ ತಿಳಿಯದು. ನೀರನ್ನು ನೋಡಿಕೊಳ್ಳುವವರು ಮೊದಲು ತಮ್ಮ ಮೊಳಕೈಯಿಂದ ಮುಟ್ಟಿ ನೋಡಿ ಆಮೇಲೆ ಹೊಯ್ಯಬೇಕು. ಮೂರನೆಯದು ಮೂತ್ರದ ತೊಂದರೆ. ನಳಿಕೆಯಿದ್ದರೆ ಚೀಲ ಯಾವಾಗಲೂ ಹೊಟ್ಟೆಯ ಮಟ್ಟಕ್ಕಿಂತ ಕೆಳಗಿರಬೇಕು, ನಳಿಕೆ ಮಡಚಬಾರದು, ಮುಟ್ಟುವ ಮೊದಲು ಕೈ ತೊಳೆಯಬೇಕು. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿಯೋ ಅದಕ್ಕಿಂತ ಮೇಲೆಯೋ ಪೆಟ್ಟಾದವರಿಗೆ ಒಮ್ಮೆಲೇ ತಲೆ ಸಿಡಿಯುವಂತಾಗಿ, ಮುಖ ಬೆವರಿದರೆ ಅದನ್ನು ಸಾಮಾನ್ಯ ತಲೆನೋವೆಂದು ಮಾತ್ರೆ ಕೊಟ್ಟು ಮಲಗಿಸಬೇಡಿ. ರಕ್ತದೊತ್ತಡ ಏರಿ ಪ್ರಾಣಕ್ಕೆ ಅಪಾಯವಾಗಬಹುದು. ಅವರನ್ನು ಎತ್ತಿ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ನಳಿಕೆ ಕಟ್ಟಿದೆಯೇ ನೋಡಿ, ಕೂಡಲೆ ಆಸ್ಪತ್ರೆಗೆ ಒಯ್ಯಿರಿ.

ನುಂಗಲು ಕಷ್ಟಪಡುವ ಮಕ್ಕಳಿಗೆ ಮಲಗಿಸಿ ಗಂಜಿ ಹಾಕಬೇಡಿ. ನೆಟ್ಟಗೆ ಕೂರಿಸಿ, ಚಿಕ್ಕ ತುತ್ತು ಕೊಡಿ, ಒಂದು ಇಳಿದ ಮೇಲೆ ಇನ್ನೊಂದು. ತುತ್ತಿಗೊಮ್ಮೆ ಕೆಮ್ಮು ಬಂದರೆ ವೈದ್ಯರಿಗೆ ತಿಳಿಸಿ. ಅಪಸ್ಮಾರ ಬಂದಾಗ ಕೈಯಲ್ಲಿ ಕಬ್ಬಿಣ ಹಿಡಿಸುವುದು, ಬಾಯಲ್ಲಿ ಚಮಚ ತುರುಕುವುದು ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಐದು ನಿಮಿಷಕ್ಕೆ ನಿಲ್ಲದಿದ್ದರೆ 108ಕ್ಕೆ ಕರೆಮಾಡಿ.

ಮನೆಯೊಳಗಿನ ಅಪಾಯಗಳು ನಿಮ್ಮ ಕಣ್ಣಿನ ಮುಂದೆಯೇ ಇವೆ. ಎತ್ತರದ ಹೊಸಿಲು, ಹಾವಸೆ ಹಿಡಿದ ಕಲ್ಲಿನ ಅಂಗಳ, ಹಿಡಿಕೆಯಿಲ್ಲದ ಬಚ್ಚಲು, ಕಟ್ಟೆಯಿಲ್ಲದ ಬಾವಿ. ಗೋಡೆಗೆ ಒಂದು ಗಟ್ಟಿಯಾದ ಹಿಡಿಕೆ, ಕುಳಿತು ಮೀಯಲು ಒಂದು ಪೀಠ, ಮೆಟ್ಟಿಲಿನ ಬದಲು ಇಳಿಜಾರು ಇವು ದೊಡ್ಡ ವೆಚ್ಚದವಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಇದು ಇಳಿಜಾರಿನ ಲೆಕ್ಕ. ಮಠ, ಗುಡಿ, ಕಲ್ಯಾಣಮಂಟಪ ಕಟ್ಟಿಸುವ ಭಕ್ತರೂ ಈ ಲೆಕ್ಕವನ್ನು ಮರೆಯಬಾರದು.

ಮಳೆಗಾಲದ ಮಾತನ್ನು ಬೇರೆಯಾಗಿ ಹೇಳಬೇಕು. ಲಿಂಗನಮಕ್ಕಿಯಿಂದ ನೀರು ಬಿಡುತ್ತಾರೆಂದು ಎಚ್ಚರಿಕೆ ಬಂದಾಗ, ಗುಂಡಬಾಳಾ ಹೊಳೆ ಉಕ್ಕಿದಾಗ, ಕಾಲಿದ್ದವರು ಓಡುತ್ತಾರೆ. ಕಾಲಿಲ್ಲದವರು? ಮೇ ತಿಂಗಳು ಮುಗಿಯುವ ಮೊದಲೇ ನಿಶ್ಚಯವಾಗಬೇಕು: ಎತ್ತುವ ಇಬ್ಬರು ನೆರೆಯವರು ಯಾರು, ದೋಣಿ ಯಾರದು, ಯಾರ ಮನೆಗೆ ಒಯ್ಯುವುದು, ಔಷಧಿ ನಳಿಕೆ ಕಾಗದಪತ್ರ ಇವುಗಳನ್ನು ನೀರು ಹೋಗದ ಚೀಲದಲ್ಲಿ ಎಲ್ಲಿ ಇಟ್ಟಿದೆ. ಪಂಚಾಯಿತಿಯಲ್ಲಿ ಅವರ ಹೆಸರು ಬರೆಸಿರಬೇಕು. ನೀರು ಅಂಗಳಕ್ಕೆ ಬಂದ ಮೇಲೆ ಸಭೆ ಕೂಡಿ ಪ್ರಯೋಜನವಿಲ್ಲ.

ಮನುಷ್ಯರಿಂದ ಬರುವ ಅಪಾಯವನ್ನು ಹೇಳಲು ನಾಲಗೆ ಹಿಂಜರಿಯುತ್ತದೆ, ಆದರೂ ಹೇಳಲೇಬೇಕು. ಓಡಲಾರದ, ಕೂಗಲಾರದ ಹೆಣ್ಣುಮಗುವಿನ ಮೇಲೆ ಕೆಟ್ಟ ಕಣ್ಣು ಬೀಳುವುದುಂಟು. ಅದು ಪರಿಚಿತರದೇ ಆಗಿರುವುದೂ ಉಂಟು. ಅವಳ ಮೈ ತೊಳೆಯುವವರು ಯಾರೆಂಬುದು ನಿಶ್ಚಿತವಾಗಿರಲಿ. ಅವಳು ಒಬ್ಬರನ್ನು ಕಂಡು ಅಂಜಿದರೆ, ಹಟ ಮಾಡಿದರೆ ಗದರಿಸಬೇಡಿ, ನಂಬಿ. ಮಕ್ಕಳ ಸಹಾಯವಾಣಿ 1098 ಇದೆ. ಮನೆತನದ ಮಾನಕ್ಕಿಂತ ಮಗುವಿನ ಮಾನ ದೊಡ್ಡದು.

ಮೂರನೆಯ ಪ್ರಶ್ನೆಗೆ ಬರುತ್ತೇವೆ. ಇಷ್ಟೆಲ್ಲ ಅಪಾಯಗಳನ್ನು ಕೇಳಿದ ಮೇಲೆ ‘ಹಾಗಾದರೆ ಹಾಸಿಗೆಯಿಂದ ಕೆಳಗಿಳಿಸುವುದೇ ಬೇಡ’ ಎಂದು ನೀವು ತೀರ್ಮಾನಿಸಿದರೆ ಈ ಪ್ರವಚನವೆಲ್ಲ ವ್ಯರ್ಥ.

ಘಟ್ಟದ ಬುಡದ ಒಂದು ಊರಿನಲ್ಲಿ ಅಡಿಕೆ ಮರದಿಂದ ಬಿದ್ದ ತರುಣನೊಬ್ಬನ ಮನೆಗೆ ನಾವು ಹೋಗಿದ್ದೆವು. ಅವನು ಮಲಗಿ ಏಳು ವರ್ಷಗಳಾಗಿದ್ದವು. ಮನೆಯವರು ಅವನನ್ನು ಹೂವಿನಂತೆ ನೋಡಿಕೊಂಡಿದ್ದರು. ಒಂದು ಹುಣ್ಣೂ ಇರಲಿಲ್ಲ. ಅವನಿಗೆ ಇದ್ದದ್ದು ಒಂದೇ ಆಸೆ: ರಸ್ತೆಯ ತಿರುವಿನ ಅಂಗಡಿಯಲ್ಲಿ ಕುಳಿತು ಮೊಬೈಲು ರಿಪೇರಿ ಮಾಡಬೇಕು. ಅಣ್ಣ ಬೇಡವೆಂದ. ತಾಯಿ ಅಳುತ್ತಾ, ‘ಸ್ವಾಮೀ, ಅಂಗಳ ಇಳಿಜಾರು, ರಸ್ತೆಯಲ್ಲಿ ಲಾರಿ, ಮಳೆ ಬೇರೆ. ಇನ್ನೊಮ್ಮೆ ಬಿದ್ದರೆ ನಾನು ಉಳಿಯುವುದಿಲ್ಲ. ನೀವೇ ಬುದ್ಧಿ ಹೇಳಿ’ ಎಂದಳು. ನಾವು ಅವನನ್ನೇ ಕೇಳಿದೆವು: ‘ಏನಪ್ಪಾ, ನಿನಗೆ ಭಯವಿಲ್ಲವೆ?’ ಅವನೆಂದ: ‘ಸ್ವಾಮೀ, ಬಿದ್ದರೆ ಎಂಬ ಭಯ ಇವರಿಗೆ. ಹೀಗೇ ಮಲಗಿದ್ದರೆ ಎಂಬ ಭಯ ನನಗೆ.’

ಬಂಧುಗಳೇ, ಆ ಮಾತಿಗೆ ಉತ್ತರ ಕೊಡಲು ಯಾವ ಶಾಸ್ತ್ರದಿಂದಲೂ ಸಾಧ್ಯವಿಲ್ಲ. ಅಪಾಯ ಹೊರಗೆ ಮಾತ್ರ ಇದೆಯೆಂದು ತಾಯಿ ತಿಳಿದಿದ್ದಳು. ಒಳಗೂ ಒಂದು ಅಪಾಯವಿದೆ. ಒಂದು ಕಿಟಕಿಯ ಆಕಾಶವನ್ನೇ ನೋಡುತ್ತಾ ಮನಸ್ಸು ಮುದುಡಿಹೋಗುವ ಅಪಾಯ ಅದು. ಅದಕ್ಕೆ ರಕ್ತ ಬರುವುದಿಲ್ಲ, ಆದ್ದರಿಂದ ಯಾರಿಗೂ ಕಾಣುವುದಿಲ್ಲ.

ಆಗ ಎಲ್ಲರೂ ಕುಳಿತು ಅಂಜಿಕೆಗಳನ್ನು ಒಂದೊಂದಾಗಿ ಬರೆದರು. ಒಂದೊಂದಕ್ಕೂ ಉಪಾಯ ಹುಡುಕಿದರು. ಇಳಿಜಾರು ಅಂಗಳಕ್ಕೆ ಓರೆ ಕಡಿಮೆ ಮಾಡಿ ಹಾದಿ ಕಟ್ಟಿದರು. ಕುರ್ಚಿಗೆ ಮೆತ್ತೆ ಹಾಕಿಸಿದರು. ಅರ್ಧ ಗಂಟೆಗೊಮ್ಮೆ ಮೈಯೆತ್ತಲು ನೆನಪಿಸುವಂತೆ ಅವನ ಫೋನಿನಲ್ಲಿಯೇ ಗಂಟೆ ಇಟ್ಟರು. ತನ್ನ ಬೆನ್ನನ್ನು ತಾನೇ ನೋಡಿಕೊಳ್ಳಲು ಒಂದು ಕೈಗನ್ನಡಿ. ಮೊದಲು ಎರಡೇ ಗಂಟೆ. ಜೋರು ಮಳೆಯ ದಿನ ರಜೆ. ಒಂದು ತಿಂಗಳಲ್ಲಿ ಪೃಷ್ಠದ ಮೇಲೆ ಒಂದು ಕೆಂಪು ಗುರುತು ಕಂಡಿತು. ಅಣ್ಣ ‘ನಾನು ಹೇಳಿರಲಿಲ್ಲವೆ’ ಎಂದ. ಆದರೆ ಗುರುತನ್ನು ಕನ್ನಡಿಯಲ್ಲಿ ಮೊದಲ ದಿನವೇ ಕಂಡುಹಿಡಿದವನು ಆ ತರುಣನೇ. ಕೆಲವು ದಿನ ಬೋರಲು ಮಲಗಿ, ಗುರುತು ಹೋದ ಮೇಲೆ, ಮೆತ್ತೆಯನ್ನು ಬದಲಿಸಿ ಮತ್ತೆ ಹೊರಟ. ಅಪಾಯ ಇಲ್ಲವಾಗಲಿಲ್ಲ, ಅದು ಅವನ ಹತೋಟಿಗೆ ಬಂತು. ಚರಕರು ಹೇಳುವ ಜ್ಞಾಪಕತ್ವ, ಅಭೀರುತ್ವ ಎಂದರೆ ಇದೇ. ಕಾಯಕ ಮಾಡುವ ಹಕ್ಕು ಕಾಲಿದ್ದವರಿಗೆ ಮಾತ್ರ ಮೀಸಲೆಂದು ಯಾವ ಶರಣರೂ ಹೇಳಿಲ್ಲ. ಪೋಲಿಯೋದಿಂದ ಗಾಲಿಕುರ್ಚಿಯಲ್ಲಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯನ್ನು ಕಟ್ಟಿದ್ದನ್ನು ನೆನೆಯಿರಿ. ಅವರನ್ನು ಒಳಕೋಣೆಯಲ್ಲಿಟ್ಟು ‘ಕಾಪಾಡಿದ್ದರೆ’ ಎಷ್ಟು ಸಾವಿರ ಜನರಿಗೆ ನಷ್ಟವಾಗುತ್ತಿತ್ತು!

ಇನ್ನು ನೋಡಿಕೊಳ್ಳುವವರ ವಿಚಾರ. ‘ನಾನು ಇರುವ ತನಕ ನೋಡಿಕೊಳ್ಳುತ್ತೇನೆ, ಆಮೇಲೆ?’ ಎಂದು ಕೇಳುವ ತಾಯಿಗೆ ‘ದೇವರಿದ್ದಾನೆ’ ಎಂದಷ್ಟೇ ಹೇಳಿ ಕಳಿಸಬಾರದು. 1999ರಲ್ಲಿ ರಾಷ್ಟ್ರೀಯ ನ್ಯಾಸದ ಅಧಿನಿಯಮ ಆಗಿದೆ. ಮೆದುಳಿನ ಪಾರ್ಶ್ವವಾಯು, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಉಳ್ಳವರಿಗೆ ಹದಿನೆಂಟು ತುಂಬಿದ ಮೇಲೂ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿಗಳ ಸಮಿತಿಗೆ ಅರ್ಜಿ ಕೊಡಬಹುದು. ಅವರಿಗಾಗಿ ಒಂದು ಲಕ್ಷ ರೂಪಾಯಿಯವರೆಗಿನ ನಿರಾಮಯ ಆರೋಗ್ಯ ವಿಮೆಯೂ ಇದೆ. ಇದನ್ನೆಲ್ಲ ಕೈಕಾಲು ಗಟ್ಟಿಯಿರುವಾಗಲೇ ಮಾಡಬೇಕು. ಬೆಳೆದ ಮಗನನ್ನು ಒಬ್ಬಳೇ ಎತ್ತಿ ಎತ್ತಿ ತಾಯಿಯ ಸೊಂಟವೂ ಮುರಿದರೆ ಮನೆಯಲ್ಲಿ ಮಲಗುವವರು ಇಬ್ಬರಾಗುತ್ತಾರೆ. ಗಂಡಸರೇ, ಆರೈಕೆ ಹೆಂಗಸರ ಕೆಲಸ ಎಂಬ ಭಾವನೆಯನ್ನು ಬಿಡಿ. ನೆರೆಯವರೇ, ವಾರಕ್ಕೆ ಎರಡು ಗಂಟೆ ಆ ಮನೆಯಲ್ಲಿ ಕುಳಿತು, ತಾಯಿಯನ್ನು ಸಂತೆಗೋ ತವರಿಗೋ ಕಳಿಸಿ. ಕಾಸರಕೋಡಿನ ಸ್ನೇಹಕುಂಜದಲ್ಲಿ ಡಾ. ಕುಸುಮಾ ಸೊರಬ ಅವರು ಹಳ್ಳಿಯ ಜನರ ಬಾಗಿಲಿಗೇ ಹೋಗಿ ಆರೋಗ್ಯದ ಕೆಲಸ ಮಾಡಿದ್ದನ್ನು ಕಂಡ ಊರು ಇದು. ಆ ದಾರಿ ನಿಮಗೆ ಹೊಸದಲ್ಲ.

ಕೊನೆಗೆ, ತಡೆಯುವ ಮಾತು. ದೋಟಿಯಿಂದ ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ, ಮದ್ದು ಹೊಡೆಯುವ ಅನುಕೂಲ ಈಗ ಬಂದಿದೆ. ತೋಟದ ಒಡೆಯರು ಅದನ್ನು ತರಿಸಿ, ಕೆಲಸಗಾರರಿಗೆ ವಿಮೆ ಮಾಡಿಸಲಿ. ಯಾರಾದರೂ ಬಿದ್ದರೆ ಕೈಕಾಲು ಹಿಡಿದು ಎಳೆಯಬೇಡಿ, ಕಂಬಳಿಯ ಜೋಲಿಯಲ್ಲಿ ಹೊರಬೇಡಿ. ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ನಾಲ್ಕಾರು ಜನ ಸೇರಿ ಹಲಗೆಯ ಮೇಲೆ ಹೊರಳಿಸಿ ಒಯ್ಯಿರಿ. ಬಿದ್ದಾಗ ಉಳಿದಿದ್ದ ಕಾಲು, ಅವಸರದಲ್ಲಿ ಎತ್ತಿದಾಗ ಹೋಗುವುದುಂಟು.

ಶರಣ ಬಂಧುಗಳೇ, ಇಂದು ಇಲ್ಲಿಂದ ಹೋಗುವಾಗ ಮೂರು ಸಂಕಲ್ಪ ಮಾಡಿ. ಮನೆಯಲ್ಲಿ ಅಂಥವರಿದ್ದರೆ ಆ ನೋಟುಪುಸ್ತಕವನ್ನು ಇದೇ ವಾರ ಬರೆಯಿರಿ. ನೆರೆಯಲ್ಲಿದ್ದರೆ ಎರಡನೆಯ ಹೆಸರಿನ ಜಾಗದಲ್ಲಿ ನಿಮ್ಮ ಹೆಸರನ್ನು ಬರೆಸಿಕೊಳ್ಳಿ. ಮುಂದಿನ ಸಭೆಗೆ ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ. ಅವರ ಮಾತನ್ನು ನಾವೆಲ್ಲ ಕುಳಿತು ಕೇಳೋಣ. ಎಲ್ಲರ ಮನೆಯ ಒಳಕೋಣೆಯ ಬಾಗಿಲು ತೆರೆಯಲಿ, ಎಲ್ಲರಿಗೂ ಮಂಗಳವಾಗಲಿ.